ಚುಕ್ಕಿಗೆ ಒಂಬತ್ತು ಪೆನ್ನಿ

ಬೆಂಕಿ ಹತ್ತಿದರೆ ಜನ ಎತ್ತ ಓಡಬೇಕು
ಎಂದು ಬರೆದುಕೊಡುವುದು ನನ್ನ ಕೆಲಸ.
ಅಡಿಲೇಡಿನಿಂದ ಎರಡು ಗಂಟೆ. ಗೋಧಿಯ ಹೊಲ, ಮತ್ತೆ ಗೋಧಿಯ ಹೊಲ,
ಆಮೇಲೆ ವಿಟ್‌ಕಂಬ್ ಎಂಬ ಊರು.
ಮುಂಚೆ ಅದಕ್ಕೆ ರೋಸೆನ್‌ಬಾಕ್ ಎಂದು ಹೆಸರಿತ್ತಂತೆ.
ಪುರಸಭೆಯ ಗುಮಾಸ್ತೆ ಕೀಲಿಗೊಂಚಲಿನ ಜತೆಗೆ
ದಾರ ಕಟ್ಟಿದ ಕಡತವನ್ನೂ ಕೊಟ್ಟಳು:
"ಬೇಕಾದರೆ ಓದಿ. ಇಲಿ ತಿಂದು ಉಳಿಸಿದ್ದು."

ಅಳತೆಪಟ್ಟಿ ಬಿಚ್ಚುವ ಮೊದಲು ಓದಿದೆ.

ಸಾವಿರದ ಎಂಟುನೂರ ಎಂಬತ್ತೇಳು. ದ್ರಾಕ್ಷಿ ಕೈಹಿಡಿದ ವರ್ಷ.
ಕುಡಿದದ್ದು ಸಾಲದೆ ನಾಟಕವೂ ಬೇಕೆನಿಸಿತು ಊರಿಗೆ.
ಕಲ್ಲುಕುಟಿಗ ಗಾಟ್ಲೀಬ್ ಶ್ರೋಯ್ಟರ್ ಜೇನುಬಣ್ಣದ ಕಲ್ಲು ತಂದು
ನಾಲ್ಕು ಕಂಬ ನಿಲ್ಲಿಸಿ, ಕಟ್ಟಡದ ಹಣೆಗೆ
ಹನ್ನೆರಡು ಅಕ್ಷರ ಉಬ್ಬಿಸಿ ಕೆತ್ತಿದ:
ನಗರ ರಂಗಮಂದಿರ, ಅವರ ಜರ್ಮನ್ ಮಾತಿನಲ್ಲಿ.
ಮುನ್ನೂರು ಮನೆಯ ಹಳ್ಳಿ;
ನಗರ ಅಂದುಕೊಳ್ಳಲು ಯಾರಪ್ಪನ ಅಪ್ಪಣೆ ಬೇಕು?
ಕೊನೆಗೊಂದು ಚುಕ್ಕಿ ಇಟ್ಟ,
ಇನ್ನು ಹೇಳುವುದೇನೂ ಇಲ್ಲ ಎಂಬಂತೆ.

ರಂಗದ ಅಂಚಿಗೆ, ಪ್ರೇಕ್ಷಕರಿಗೆ ಬೆನ್ನಾಗಿ, ಆಮೆಚಿಪ್ಪಿನಂಥ ಗೂಡು.
ನಮ್ಮ ಕಡೆ ಸೈಡ್‌ವಿಂಗಿನ ಮರೆಯಲ್ಲಿ ನಿಲ್ಲುವ ಮೇಷ್ಟ್ರ ಕೆಲಸ
ಇಲ್ಲಿ ನೆಲದೊಳಗೆ.
ಔಷಧಿ ಅಂಗಡಿಯವನ ವಿಧವೆ ಓಟ್ಟಿಲಿ ಹೆಂಷ್ಕೆ
ಇಪ್ಪತ್ತಾರು ವರ್ಷ ಅದರಲ್ಲಿ ಕೂತು
ಮಾತು ಮರೆತವರಿಗೆ ಮಾತು ಕೊಟ್ಟಳು.
ರಾಜರು, ವೈರಾಗಿಗಳು, ಕಳ್ಳ ಪ್ರೇಮಿಗಳು,
ಎಲ್ಲರ ಪಾರ್ಟೂ ಅವಳ ಗಂಟಲಲ್ಲಿ.
ಅವಳ ಮುಖ ಕಂಡದ್ದು ನಟರ ಬೂಟುಗಳಿಗೆ ಮಾತ್ರ.

ಹದಿನೇಳರಲ್ಲಿ, ಯುದ್ಧದ ನಡುವೆ, ಊರಿನ ಹೆಸರು ಹೋಯಿತು.
ನಾಲಿಗೆಗೂ ಸುಂಕ ಬಿತ್ತು.
ಸೈನಿಕರ ನಿಧಿಗೆ ನಾಟಕವಾಗಲಿ, ಇಂಗ್ಲಿಷಿನಲ್ಲಿ ಆಗಲಿ, ಅಂತು ಪುರಸಭೆ.
ನಟರು ಅವರೇ: ಬೇಕರಿಯವ, ಪೀಪಾಯಿ ಮಾಡುವವ, ಮೇಷ್ಟ್ರ ತಂಗಿ.
ಎರಡನೆಯ ಅಂಕ. ಪೀಪಾಯಿಯವ ಕೈಯೆತ್ತಿ ನಿಂತ.
ನಿಂತೇ ಇದ್ದ.
ಗೂಡಿನಿಂದ ಬಂದದ್ದು ಬರಬೇಕಾದ ಮಾತೇ,
ಬರಬಾರದ ಭಾಷೆಯಲ್ಲಿ.
ಮುನ್ನೂರು ಜನ ಉಸಿರು ಕಚ್ಚಿ ಕೂತರು.
ಮೂರನೆಯ ಸಾಲಿನಲ್ಲಿದ್ದ ಕಾನ್‌ಸ್ಟೇಬಲ್ ಟ್ರೆಗೆಂಜಾ
ಆಗ ಕೆಮ್ಮತೊಡಗಿದ.
ಪರದೆ ಬೀಳುವವರೆಗೂ ಕೆಮ್ಮಿದ.
ಕಡತದಲ್ಲಿ ಅವನ ವರದಿ ಒಂದೇ ಸಾಲು:
"ಧೂಳು ವಿಪರೀತ; ಏನೂ ಕೇಳಿಸಲಿಲ್ಲ."

ಮರುವಾರ ಅಕ್ಷರ ಕೆತ್ತಿ ತೆಗೆಯಲು
ಗಾಟ್ಲೀಬನ ಮಗನನ್ನೇ ಕರೆಸಿದರು. ಅಕ್ಷರಕ್ಕೆ ಒಂಬತ್ತು ಪೆನ್ನಿ.
ಬಿಲ್ಲು ಇಲ್ಲಿದೆ: ಹದಿಮೂರು ಬಾಬ್ತು,
ಒಂಬತ್ತು ಷಿಲಿಂಗ್ ಒಂಬತ್ತು ಪೆನ್ನಿ.
ಅಂಚಿನಲ್ಲಿ ಅಧ್ಯಕ್ಷರ ಕೆಂಪು ಶಾಯಿ: "ಹನ್ನೆರಡಲ್ಲವೇ?"
ಕೆಳಗೆ ಇವನ ಪೆನ್ಸಿಲು: "ಚುಕ್ಕಿಯನ್ನು ಮರೆತಿರಿ."
ಕೊಟ್ಟಿದ್ದಾರೆ. ರಶೀತಿ ಇದೆ.

ಆಮೇಲೆ ಕಟ್ಟಡ ಸಿಕ್ಕಿದ ಪಾರ್ಟನ್ನೆಲ್ಲ ಮಾಡಿತು.
ಜ್ವರದ ವರ್ಷ ಆಸ್ಪತ್ರೆ; ಕುರ್ಚಿ ಕಿತ್ತಲ್ಲಿ ಮಂಚ.
ಗೋಧಿಯ ಗೋದಾಮು, ಬೆಳ್ಳಿತೆರೆ,
ಚಕ್ರದ ಬೂಟಿನ ಹುಡುಗರಿಗೆ ಅಂಗಳ,
ಒಂದು ಚಳಿಗಾಲ ತೆರಿಗೆ ಕಟ್ಟೆ.
ಯಾರೋ ಗೂಡಿಗೆ ಹಲಗೆ ಹೊಡೆದು ಮೇಲೆ ಪಿಯಾನೋ ಇಟ್ಟರು.

ಪಿಯಾನೋ ಸರಿಸಿದೆ. (ಒಬ್ಬಳಿಂದ ಆಗಲಿಲ್ಲ; ಗುಮಾಸ್ತೆಯ ಗಂಡ ಬಂದ.)
ಮೂರು ಮೆಟ್ಟಿಲು, ಮೊಂಡು ಕುರ್ಚಿ,
ತುಕ್ಕು ಹಿಡಿದ ಪೆಪ್ಪರಮೆಂಟಿನ ಡಬ್ಬಿ.
ಇಳಿದು ಕೂತೆ. ಮಂಡಿ ಹಲಗೆಗೆ ತಾಗಿತು.
ಇಲ್ಲಿಂದ ಲೋಕವೆಂದರೆ ಪಾದದಷ್ಟೇ ಎತ್ತರ.
ನಮೂನೆಯಲ್ಲಿ ಕೇಳಿದ್ದಾರೆ: ಹೊರಹೋಗುವ ದಾರಿಗಳು ಎಷ್ಟು?
ನಾಲ್ಕು ಎಂದು ಬರೆದು, ಸ್ವಲ್ಪ ಹೊತ್ತು
ಪೆನ್ನು ಎತ್ತಲಿಲ್ಲ.

ಕಡೆಗೆ ಏಣಿ ಹಾಕಿ ಮುಂದಿನ ಸೂರಿನ ದೋಣಿ ನೋಡಲು ಹತ್ತಿದೆ.
ಕಲ್ಲಿನ ಹಣೆಯಲ್ಲಿ ಹನ್ನೆರಡು ಗಾಯ,
ಅಪ್ಪನ ಬೆನ್ನು ಉಜ್ಜಿದಷ್ಟು ಜೋಪಾನವಾಗಿ ಹೆರೆದದ್ದು.
ಅವುಗಳಾಚೆ, ಬಲಕ್ಕೆ,
ಬೋರೆಹಣ್ಣಿನಷ್ಟು ದಪ್ಪ, ಬಿಸಿಲಿಗೆ ಕಾದು,
ಚುಕ್ಕಿ ಹಾಗೇ ಕೂತಿದೆ.

ದುಡ್ಡು ಇಸಕೊಂಡವನು ಕೆಲಸ ಬಾಕಿ ಇಟ್ಟಿದ್ದಾನೆ.
ವರದಿಯಲ್ಲಿ ನಾನು
ಧೂಳು ವಿಪರೀತ ಎಂದಷ್ಟೇ ಬರೆದೆ.